ಚೈತ್ರದ ನೀರು, ಜೊತೆಗಾರನ ಕಣ್ಣು

ಕಡಲಿನಿಂದ ಬಹುದೂರದಲ್ಲಿ, ಬೀದರದ ಕೆಂಪು ಪ್ರಸ್ಥಭೂಮಿಯು ಪೂರ್ವಕ್ಕೆ ಚಾಚಿ ತೆಲಂಗಾಣದೊಳಕ್ಕೆ ಹೊಕ್ಕಿರುವ ಝರಾಸಂಗಂ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಈಜೆಂಬ ವಿದ್ಯೆಯು ಬಾವಿಯಿಂದ ಬರತಕ್ಕದ್ದೇ ಹೊರತು ಸಮುದ್ರದಿಂದಲ್ಲ. ಆದರೂ ತೆರೆದ ನೀರಿನಲ್ಲಿ, ಬಯಲಿನ ಆಕಾಶದ ಕೆಳಗೆ, ಮನಸ್ಸಿಗೊಪ್ಪಿದ ಗೆಳೆಯನೊಡನೆ ವಸಂತಕಾಲದಲ್ಲಿ ಈಜುವ ಸುಖ ಎಂತಹುದೆಂಬುದನ್ನು ಕರಾವಳಿಯವರಷ್ಟೇ ಅಧಿಕಾರದಿಂದ ಈ ಬಾವಿಗಳ ಮಕ್ಕಳೂ ಹೇಳಬಲ್ಲರು. ಫಾಲ್ಗುಣದ ಹುಣ್ಣಿಮೆಗೆ ಕಾಮದಹನವಾಗಿ, ಮರುದಿನ ಬಣ್ಣದಾಟದಲ್ಲಿ ಗುರುತು ಸಿಗದಂತಾದ ಹುಡುಗರು ಊರ ಹೊರಗಣ ಬಾವಿಗೆ ಧುಮುಕಿದರೆಂದರೆ ಈಜಿನ ಋತು ಆರಂಭವಾಯಿತೆಂದೇ ಲೆಕ್ಕ. ಅಷ್ಟರಲ್ಲಿ ಬಿಳಿಜೋಳದ ರಾಶಿ ಮುಗಿದಿರುತ್ತದೆ; ಮುತ್ತುಗದ ಮರಗಳು ಎಲೆಯುದುರಿಸಿ ಹೂವನ್ನೇ ಹೊದ್ದು ನಿಂತಿರುತ್ತವೆ; ಯುಗಾದಿಯ ಹೊತ್ತಿಗೆ ಬೇವು ಹೂತು, ಮಧ್ಯಾಹ್ನದ ಗಾಳಿಯಲ್ಲಿ ಕಹಿಮಿಶ್ರಿತವಾದ ಪರಿಮಳವೊಂದು ಸುಳಿಯತೊಡಗುತ್ತದೆ.

ಝರೆಗಳ ಸೀಮೆಯಿದು. ಝರಾಸಂಗಮದ ಕೇತಕಿ ಸಂಗಮೇಶ್ವರನ ಆಲಯದಲ್ಲಿರುವ ಅಮೃತಗುಂಡದಲ್ಲಿ ಎಂಟು ತೀರ್ಥಗಳು ಕೂಡಿವೆಯೆಂಬುದು ಭಕ್ತರ ನಂಬಿಕೆ. ಕುಪೇಂದ್ರನೆಂಬ ಅರಸನು ಚರ್ಮರೋಗದಿಂದ ಬಳಲಿ, ಇಲ್ಲಿಯ ನೀರಿನಲ್ಲಿ ಮಿಂದು ಗುಣಹೊಂದಿದನೆಂದು ಸ್ಥಳಪುರಾಣವು ಹೇಳುತ್ತದೆ. ಅನ್ಯತ್ರ ಶಿವಪೂಜೆಗೆ ನಿಷಿದ್ಧವಾದ ಕೇದಗೆಯು ಇಲ್ಲಿ ಶಿವನ ಮುಡಿಗೇರುವುದು. ಆ ಗುಂಡವು ಪೂಜೆಯ ನೀರು, ಈಜುವ ನೀರಲ್ಲ. ಆದರೆ ಸುತ್ತಣ ಊರುಗಳವರು ನೀರೆಂದರೆ ತಗ್ಗಿದ ದನಿಯಲ್ಲಿ ಮಾತನಾಡುವುದನ್ನು ಈ ಗುಂಡದಿಂದಲೇ ಕಲಿತರೆಂದು ನನಗೆ ತೋರುತ್ತದೆ. ಈ ಪ್ರಸ್ಥಭೂಮಿಯ ಝರೆಗಳಿಗೆ ಕಾರಣವು ಕಾಲಡಿಯಲ್ಲಿಯೇ ಇದೆ. ಮೇಲಣ ಕೆಂಪು ಜಂಬಿಟ್ಟಿಗೆಯ ಕಲ್ಲು ರಂಧ್ರಮಯವಾದುದು. ಮಳೆಗಾಲದ ನೀರನ್ನು ಕುಡಿದು ನಿಧಾನವಾಗಿ ಕೆಳಕ್ಕಿಳಿಸುತ್ತದೆ. ನೀರನ್ನು ಸುಲಭವಾಗಿ ಬಿಡದ ಕೆಳಪದರವು ಎದುರಾದಾಗ ಆ ನೀರು ಅಡ್ಡಲಾಗಿ ಹರಿದು, ದಿಬ್ಬದ ಅಂಚಿನಲ್ಲಿ ಬುಗ್ಗೆಯಾಗಿ ಹೊರಬೀಳುತ್ತದೆ. ಬೀದರದ ನಾನಕ ಝೀರಾದ ಸಿಹಿನೀರೂ, ಉದ್ದವಾದ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನೊಳಗೆ ನಡೆದು ದರ್ಶನ ಪಡೆಯುವ ಝರಣಿ ನರಸಿಂಹನ ಕ್ಷೇತ್ರವೂ, ಬಹಮನಿ ಸುಲ್ತಾನರ ಕಾಲದ ಕರೇಜ್ ಎಂಬ ಸುರಂಗಗಾಲುವೆಯೂ ಈ ಕೆಂಪು ಕಲ್ಲಿನ ಔದಾರ್ಯದಿಂದಲೇ ಬಾಳಿದಂಥವು.

ಬಾವಿಯೂ ಅದೇ ಔದಾರ್ಯದ ಫಲ. ಹೊಲದ ನಡುವೆ, ಹಿಂದೆ ಎತ್ತುಗಳಿಂದ ನೀರೆತ್ತುತ್ತಿದ್ದ ಅಗಲವಾದ ಬಾವಿಯೊಂದರ ದಂಡೆಯಲ್ಲಿ ನಿಂತು ಕೆಳಗೆ ನೋಡಿದರೆ, ಕೆಂಪುಗೋಡೆಯ ಪೊಟರೆಗಳಲ್ಲಿ ಪಾರಿವಾಳಗಳೂ, ಬಾಗಿದ ಜಾಲಿಯ ರೆಂಬೆಗಳಲ್ಲಿ ಕಳೆದ ಮಳೆಗಾಲದ ಗೀಜಗನ ಖಾಲಿ ಗೂಡುಗಳೂ, ಬಹು ಆಳದಲ್ಲಿ ಕರಿಹಸಿರಾದ ನೀರೂ ಕಾಣುತ್ತವೆ. ಗೋಡೆಯಿಂದ ಹೊರಚಾಚಿದ ಕಲ್ಲುಗಳೇ ಮೆಟ್ಟಿಲು. ಒಂದೊಂದಾಗಿ ಅವನ್ನಿಳಿಯುವಾಗ ಮೇಲಣ ಬಿಸಿಲು ಬೆನ್ನನ್ನು ಬಿಡುತ್ತದೆ, ಕೆಳಗಣ ತಂಪು ಮೊಣಕಾಲನ್ನು ಹಿಡಿಯುತ್ತದೆ. ನೀರಿಗೆ ಬಿದ್ದಾಗಿನ ಅನುಭವವಂತೂ ಇನ್ನೂ ವಿಲಕ್ಷಣ: ಎದೆಯ ಮಟ್ಟದಲ್ಲಿ ಬಿಸಿಲುಂಡ ಬೆಚ್ಚನೆಯ ನೀರು, ಕಾಲು ಚಾಚಿದಲ್ಲಿ ಥಟ್ಟನೆ ಶೀತಲವಾದ ಮತ್ತೊಂದು ನೀರು. ಹತ್ತು ಮೀಟರಿಗೂ ಕೆಳಗಣ ಭೂಗರ್ಭವನ್ನು ಋತುಗಳ ಏರಿಳಿತ ಬಹುಮಟ್ಟಿಗೆ ಮುಟ್ಟುವುದಿಲ್ಲವಾದ್ದರಿಂದ, ಒರತೆಯ ನೀರು ವರ್ಷದ ಸರಾಸರಿಯ ಹದದಲ್ಲಿಯೇ ಇರುತ್ತದೆ. ಮಾಗಿಯಲ್ಲಿ ಬೆಚ್ಚಗೆಂದು ತೋರಿದ ಅದೇ ನೀರು ಚೈತ್ರದ ಮಧ್ಯಾಹ್ನದಲ್ಲಿ ಅಮೃತವಾಗುವುದು ಹೀಗೆ.

ಇಷ್ಟೆಲ್ಲ ಇದ್ದರೂ, ಒಬ್ಬನೇ ಇಳಿದವನಿಗೆ ಈ ಸುಖದ ಅರ್ಧವೂ ದಕ್ಕುವುದಿಲ್ಲ. ನನ್ನ ಗೆಳೆಯನು ದಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, "ನೀ ಹಾರು, ನಾ ಇಲ್ಲೇ ಇದ್ದೀನಿ" ಎಂದು ಹೇಳಿದ ಮೇಲೆಯೇ ನನ್ನ ಮೈ ನೀರಿಗೆ ತನ್ನನ್ನು ಪೂರ್ಣವಾಗಿ ಒಪ್ಪಿಸಿಕೊಳ್ಳುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು ಆಡುವ ಅವನು ನಾನು ನೀರಿಗೆ ಬಿದ್ದ ಮೇಲೆ ಮಾತ್ರ ಯಾವ ಭಾಷೆಯನ್ನೂ ಆಡುವುದಿಲ್ಲ. ನಾನು ಮುಳುಗಿದಾಗ ಉಸಿರು ಹಿಡಿದು, ಎದ್ದಾಗ ಬಿಡುತ್ತಾನೆ. ಬಳಿಕ ಅವನ ಸರದಿ, ನನ್ನ ಕಾವಲು. ಈಜಿನಲ್ಲಿ ಸ್ವಾತಂತ್ರ್ಯವೆಂಬುದೇನಿದೆಯೋ ಅದು ಮತ್ತೊಬ್ಬನ ಕಣ್ಣು ನಮ್ಮ ಮೇಲಿದೆಯೆಂಬ ನಿಶ್ಚಿಂತೆಯಿಂದಲೇ ಹುಟ್ಟತಕ್ಕದ್ದೆಂದು ನಾನು ದೃಢವಾಗಿ ನಂಬಿದ್ದೇನೆ. 1958ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ ಮಿಹಿರ ಸೇನರ ಪಕ್ಕದಲ್ಲಿಯೂ, ಮರುವರ್ಷ ಅದನ್ನೇ ದಾಟಿದ ಆರತಿ ಸಾಹಾ ಅವರ ಪಕ್ಕದಲ್ಲಿಯೂ ಕಾವಲಿನ ದೋಣಿಯೊಂದು ಸಾಗುತ್ತಿತ್ತಲ್ಲವೆ!

ಈ ಗೆಳೆಯನೊಡನೆಯೇ ನಾನು ಕಾರವಾರದ ಕಡಲನ್ನೂ ಕಂಡೆ. ತರುಣ ರವೀಂದ್ರನಾಥ ಠಾಕೂರರು ನ್ಯಾಯಾಧೀಶನಾಗಿದ್ದ ಅಣ್ಣನ ಮನೆಯಲ್ಲಿ ತಂಗಿದ್ದು ಆ ಊರಿನಲ್ಲಿಯೇ. ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ ಅಲ್ಲಿಯ ಸಮುದ್ರವು ಬಹುಮಟ್ಟಿಗೆ ಸೌಮ್ಯ. ಬಾವಿಯ ನೀರಿನಲ್ಲಿ ತೇಲಲು ಕೈಕಾಲಾಡಿಸಿ ಅಭ್ಯಾಸವಾದ ನಮಗೆ, ಒಂದು ಕಿಲೋಗ್ರಾಂಗೆ ಸುಮಾರು 35 ಗ್ರಾಂ ಉಪ್ಪಿರುವ ಆ ನೀರು ತಾನಾಗಿ ನಮ್ಮನ್ನು ಎತ್ತಿ ಹಿಡಿದುದು ಪರಮಾಶ್ಚರ್ಯದ ಸಂಗತಿಯಾಯಿತು. ಅಂಗಾತ ಮಲಗಿ, ಕಿವಿಗಳನ್ನು ನೀರಿನಲ್ಲಿಟ್ಟು, ಬಹಳ ಹೊತ್ತು ಆಕಾಶವನ್ನೇ ನೋಡಿದೆವು. ಬಾವಿಗೆ ಗೋಡೆಯಿದೆ, ಕಡಲಿಗಿಲ್ಲ. ಆದ್ದರಿಂದ ಅಲ್ಲಿ ಜೊತೆಗಾರನೇ ಗೋಡೆ. ಸೆಳೆತವು ಒಳಕ್ಕೆಳೆದರೆ ದಡದತ್ತ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದ ಪಟ್ಟಿಯಿಂದ ಹೊರಬೀಳಬೇಕೆಂದು ಅಲ್ಲಿಯ ಮೀನುಗಾರರೊಬ್ಬರು ಕೈಸನ್ನೆಯಿಂದ ತಿಳಿಸಿಕೊಟ್ಟರು.

ನಮ್ಮ ಸೀಮೆಯ ನೀರೆಲ್ಲವೂ ಕೊನೆಗೆ ಕಡಲನ್ನೇ ಸೇರತಕ್ಕದ್ದು. ರಾಜ್ಯಗಳ ಪುನರ್ವಿಂಗಡಣೆಯಾದ 1956ರ ನವೆಂಬರ್ 1ರಂದು ಬೀದರ ಜಿಲ್ಲೆಯಿಂದ ಜಹೀರಾಬಾದು, ನಾರಾಯಣಖೇಡಗಳೂ, ಕಲಬುರ್ಗಿ ಜಿಲ್ಲೆಯಿಂದ ತಾಂಡೂರೂ ಅಂದಿನ ಆಂಧ್ರಪ್ರದೇಶಕ್ಕೆ ಸೇರಿದುವು. ನೀರು ಮಾತ್ರ ತನ್ನ ಹಳೆಯ ದಾರಿಯನ್ನು ಬಿಡಲಿಲ್ಲ. ಜಹೀರಾಬಾದಿನ ಕಡೆಯ ನಾರಂಜಾ ಬೀದರಕ್ಕೆ ಹರಿದು ಮಂಜೀರೆಯನ್ನೂ, ಮಂಜೀರೆ ಗೋದಾವರಿಯನ್ನೂ ಸೇರುತ್ತವೆ. ತಾಂಡೂರಿನ ಕಾಗಿಣೆಯು ಮಳಖೇಡವನ್ನು ಹಾದು, ಭೀಮೆಯ ಮೂಲಕ ಕೃಷ್ಣೆಗೆ ಹೋಗುತ್ತದೆ. ಆದರೆ ಇವುಗಳಲ್ಲಿ ಎಲ್ಲೆಂದರಲ್ಲಿ ಇಳಿಯಲಾಗದು. ಸಿಂಗೂರು ಅಣೆಕಟ್ಟಿನ ಕೆಳಗಣ ಮಂಜೀರೆಯು ಮೊಸಳೆಗಳ ಅಭಯಾರಣ್ಯ. ತಾಂಡೂರಿನ ಹಾಸುಗಲ್ಲಿನ ಪಾಳುಗಣಿಗಳ ನೀಲಿನೀರು ನೋಡಲು ಮನೋಹರವಾದರೂ, ಅಂಚು ಕಡಿದಾಗಿ, ಏರಿಬರಲು ಹಿಡಿಯೇ ಇಲ್ಲದ್ದು.

ಹೀಗೆ ನಮಗೆ ಈಜಲು ಬಾವಿಯೇ ಗತಿಯಾದ್ದರಿಂದ, ನನಗೆ ನೋವಾಗುವುದು ಬಾವಿಗಳ ಈಗಿನ ಅವಸ್ಥೆಯನ್ನು ನೋಡಿದಾಗ. ಕೊಳವೆಬಾವಿಗಳು ಆಳಕ್ಕಿಳಿದಂತೆ ಮೇಲಣ ಒರತೆಗಳು ಬತ್ತಿ, ಎಷ್ಟೋ ಬಾವಿಗಳು ಕಸದ ಗುಂಡಿಗಳಾದುವು. ಅವುಗಳೊಡನೆ ಈಜು ಕಲಿಸುವ ಪದ್ಧತಿಯೂ ಹೋಗುತ್ತಿದೆ. ಒಣಗಿದ ಬೆಂಡಿನ ತುಂಡುಗಳನ್ನೋ ಸೋರೆಬುರುಡೆಯನ್ನೋ ಮಗುವಿನ ಬೆನ್ನಿಗೆ ಕಟ್ಟಿ, ಸೊಂಟಕ್ಕೊಂದು ಹಗ್ಗ ಬಿಗಿದು, ಹಗ್ಗದ ತುದಿಯನ್ನು ಮಾವನೋ ಅಣ್ಣನೋ ದಂಡೆಯಲ್ಲಿ ಹಿಡಿದಿರುತ್ತಿದ್ದನು. ದಿನಕಳೆದಂತೆ ಬೆಂಡುಗಳು ಕಡಿಮೆಯಾಗಿ, ಕಡೆಗೊಂದು ದಿನ ಹಗ್ಗವೂ ಸಡಿಲುತ್ತಿತ್ತು. ನನ್ನ ಗೆಳೆಯನ ಹೊಲದ ಬಾವಿಯಲ್ಲಿ ಇನ್ನೂ ಒರತೆಯಿದೆ. ಕಳೆದ ಬೇಸಗೆಯಲ್ಲಿ ಅವನು ಆಳುಗಳನ್ನು ಹಚ್ಚಿ ಹೂಳೆತ್ತಿಸಿ, ಸಡಿಲಿದ ಮೆಟ್ಟಿಲುಗಳನ್ನು ಕೂರಿಸಿದ್ದಾನೆ. ಈ ಯುಗಾದಿಯ ಮರುದಿನದಿಂದ ಓಣಿಯ ಮಕ್ಕಳಿಗೆ ಅಲ್ಲಿ ಪಾಠ ಆರಂಭ. ಹಗ್ಗ ಹಿಡಿಯಲು ನಾನೂ ಹೋಗುವವನಿದ್ದೇನೆ.