ಯಾವ ವರ್ಗ ಮೊದಲು, ಯಾವುದು ಆಮೇಲೆ?

ತುಮಕೂರಿನ ಮರಳೂರಿನಲ್ಲಿ 1979ರಲ್ಲಿ ಆರಂಭವಾದ ಶ್ರೀ ಸಿದ್ಧಾರ್ಥ ತಾಂತ್ರಿಕ ಮಹಾವಿದ್ಯಾಲಯವಿದೆ. ಇಂಥ ಕಾಲೇಜುಗಳಲ್ಲಿ ಕಂಪ್ಯೂಟರ್ ವಿಜ್ಞಾನ ಓದುವ ವಿದ್ಯಾರ್ಥಿಗಳು ಸಿ++, ಜಾವಾ, ಪೈಥಾನ್ ಭಾಷೆಗಳ ಜೊತೆಗೆ ಕಲಿಯುವ ಒಂದು ಮುಖ್ಯ ವಿಷಯವೆಂದರೆ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್. ಅದರಲ್ಲಿ ಮೇಲ್ನೋಟಕ್ಕೆ ಸುಲಭವಾಗಿ ಕಂಡು, ಆಮೇಲೆ ತೊಡಕು ತರುವ ಪ್ರಶ್ನೆಯೊಂದಿದೆ: ವರ್ಗಗಳನ್ನು ಅವುಗಳ ಸಂಬಂಧಕ್ಕೆ ತಕ್ಕಂತೆ ಸಾಲಾಗಿ ಜೋಡಿಸುವುದು ಹೇಗೆ?

ವರ್ಗ ಮತ್ತು ಉಪವರ್ಗ

ಕ್ಲಾಸ್ ಎಂದರೆ ವರ್ಗ. ಒಂದೇ ಬಗೆಯ ವಸ್ತುಗಳಿಗೆ ಸಮಾನವಾದ ಗುಣಗಳನ್ನು ಒಂದೆಡೆ ಬರೆದಿಟ್ಟ ನಮೂನೆ ಅದು. ಒಂದು ವರ್ಗದ ಗುಣಗಳನ್ನೆಲ್ಲ ಪಡೆದು, ತನ್ನದೇ ಆದ ಒಂದಿಷ್ಟನ್ನು ಸೇರಿಸಿಕೊಂಡದ್ದು ಉಪವರ್ಗ. ಹೀಗೆ ಪಡೆಯುವುದಕ್ಕೆ ಇನ್ಹೆರಿಟೆನ್ಸ್ ಎನ್ನುತ್ತಾರೆ. ನಾರ್ವೆಯ ಓಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ರೂಪಿಸಿದ ಸಿಮುಲಾ 67 ಭಾಷೆಯಲ್ಲಿ ಈ ವಿಚಾರ ಮೊದಲು ಸ್ಪಷ್ಟ ರೂಪ ಪಡೆಯಿತು. ಆಸ್ತಿ ತಂದೆಯಿಂದ ಮಗನಿಗೆ ಬಂದಂತೆ ಎಂದು ಇದನ್ನು ವಿವರಿಸುವುದುಂಟು. ಆದರೆ ಹೋಲಿಕೆ ಅಷ್ಟು ಸರಿಯಲ್ಲ. ಮಗ ತಂದೆಯಲ್ಲ, ಉಪವರ್ಗದ ವಸ್ತುವಾದರೋ ಮೇಲ್ವರ್ಗದ ವಸ್ತುವೂ ಹೌದು. ಅಡಿಕೆ ತೋಟ ತೋಟವೇ ಆಗಿರುವ ಹಾಗೆ.

ನಮ್ಮ ಜಿಲ್ಲೆಯ ಉದಾಹರಣೆ

ಗುಬ್ಬಿ, ಕುಣಿಗಲ್ ಕಡೆ ರಾಗಿಯೂ ಉಂಟು, ಕೆರೆಯ ಕೆಳಗೆ ಭತ್ತವೂ ಉಂಟು, ತೆಂಗು-ಅಡಿಕೆ ತೋಟಗಳೂ ಉಂಟು. ಶೇ. 33 ಅಥವಾ ಅದಕ್ಕೂ ಹೆಚ್ಚು ಬೆಳೆ ಹಾನಿಯಾದರೆ ಕೊಡುವ ಪರಿಹಾರಕ್ಕೆ ಕೇಂದ್ರ ಸರ್ಕಾರ 2022ರಲ್ಲಿ ಹೆಕ್ಟೇರಿಗೆ ಹೀಗೆ ದರ ನಿಗದಿ ಮಾಡಿತು: ಮಳೆಯಾಶ್ರಿತ ಬೆಳೆಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500. ಗರಿಷ್ಠ ಮಿತಿ ಎರಡು ಹೆಕ್ಟೇರ್.

ಇದನ್ನು ಲೆಕ್ಕ ಹಾಕುವ ಪ್ರೋಗ್ರಾಮನ್ನು ಒಬ್ಬ ವಿದ್ಯಾರ್ಥಿ ಬರೆಯುತ್ತಾನೆ ಎಂದುಕೊಳ್ಳೋಣ. ‘ಬೆಳೆ’ ಎಂಬುದು ಮೂಲ ವರ್ಗ. ಅದಕ್ಕೆ ‘ಮಳೆಯಾಶ್ರಿತ ಬೆಳೆ’, ‘ನೀರಾವರಿ ಬೆಳೆ’ ಎಂಬ ಎರಡು ಉಪವರ್ಗಗಳು. ‘ನೀರಾವರಿ ಬೆಳೆ’ಯ ಕೆಳಗೆ ‘ನೀರಾವರಿ ಅಡಿಕೆ ತೋಟ’. ಪ್ರೋಗ್ರಾಮು ಒಂದೊಂದೇ ಪ್ರಶ್ನೆ ಕೇಳುತ್ತ ಹೋಗಿ, ಮೊದಲು ‘ಹೌದು’ ಎಂದು ಬಂದ ಕಡೆಯ ದರವನ್ನು ಕೊಟ್ಟು ನಿಲ್ಲುತ್ತದೆ. ‘ಇದು ನೀರಾವರಿ ಬೆಳೆಯೇ?’ ಎಂಬ ಪ್ರಶ್ನೆ ಮೊದಲಿದ್ದರೆ ಅಡಿಕೆ ತೋಟಕ್ಕೂ ಉತ್ತರ ‘ಹೌದು’. ತೋಟದ ಪ್ರಶ್ನೆಯವರೆಗೆ ಅದು ಹೋಗುವುದೇ ಇಲ್ಲ. ಆ ರೈತನಿಗೆ ಹೆಕ್ಟೇರಿಗೆ 5,500, ಎರಡು ಹೆಕ್ಟೇರಿಗೆ 11,000 ರೂಪಾಯಿ ಖೋತಾ. ಪ್ರೋಗ್ರಾಮು ನಿಲ್ಲುವುದಿಲ್ಲ, ತಪ್ಪೆಂದು ಹೇಳುವುದೂ ಇಲ್ಲ. ಆದ್ದರಿಂದ ಸೂತ್ರ ಇಷ್ಟೇ: ಉಪವರ್ಗ ಮೊದಲು, ಮೇಲ್ವರ್ಗ ಆಮೇಲೆ.

ಜಾವಾ ಭಾಷೆಯಲ್ಲಿ ದೋಷಗಳನ್ನು ಹಿಡಿಯುವ ‘ಕ್ಯಾಚ್’ ಸಾಲುಗಳಲ್ಲಿ ಮೇಲ್ವರ್ಗವನ್ನು ಮೊದಲು ಬರೆದರೆ ಕಂಪೈಲರ್ ಒಪ್ಪುವುದಿಲ್ಲ. ನಾವೇ ಬರೆಯುವ ‘ಇಫ್’ ಸಾಲುಗಳಿಗೆ ಅಂಥ ಕಾವಲಿಲ್ಲ.

ನಾಲ್ಕನೆಯ ಉತ್ತರ

ಹಾಗಾದರೆ ವರ್ಗಗಳನ್ನು ಕಂಪ್ಯೂಟರೇ ವಿಂಗಡಿಸಲಿ ಎನ್ನಬಹುದು. ತೊಡಕಿರುವುದು ಇಲ್ಲೇ. ಎರಡು ಸಂಖ್ಯೆಗಳನ್ನು ಹೋಲಿಸಿದರೆ ಉತ್ತರ ಮೂರರಲ್ಲಿ ಒಂದು: ಚಿಕ್ಕದು, ದೊಡ್ಡದು, ಸಮ. ವರ್ಗಗಳಿಗೆ ನಾಲ್ಕನೆಯ ಉತ್ತರವೂ ಇದೆ: ಸಂಬಂಧವಿಲ್ಲ. ಮಳೆಯಾಶ್ರಿತ ಬೆಳೆ ಮತ್ತು ಅಡಿಕೆ ತೋಟ ಇವುಗಳಲ್ಲಿ ಯಾವುದೂ ಇನ್ನೊಂದರ ಉಪವರ್ಗವಲ್ಲ. ಗಣಿತದಲ್ಲಿ ಇದಕ್ಕೆ ಆಂಶಿಕ ಕ್ರಮ ಎಂದು ಹೆಸರು.

‘ಸಂಬಂಧವಿಲ್ಲ’ ಎಂಬುದನ್ನು ‘ಸಮ’ ಎಂದು ತಿಳಿದು ಮಾಮೂಲಿ ವಿಂಗಡಣೆಗೆ ಒಪ್ಪಿಸಿದರೆ ಏನಾಗುತ್ತದೆ ನೋಡಿ. ಸಾಲು ಹೀಗಿದೆ: ನೀರಾವರಿ ಬೆಳೆ, ಮಳೆಯಾಶ್ರಿತ ಬೆಳೆ, ಅಡಿಕೆ ತೋಟ. ಮೊದಲೆರಡು ‘ಸಮ’, ಅದಲು ಬದಲು ಬೇಡ. ಕೊನೆಯೆರಡೂ ‘ಸಮ’, ಅಲ್ಲೂ ಬೇಡ. ಅಕ್ಕಪಕ್ಕ ಮಾತ್ರ ನೋಡುವ ವಿಧಾನ ಕೆಲಸ ಮುಗಿಯಿತೆನ್ನುತ್ತದೆ. ಆದರೆ ಮೇಲ್ವರ್ಗ ಮೊದಲೇ ಉಳಿದಿದೆ! ಮೊದಲನೆಯದನ್ನೂ ಮೂರನೆಯದನ್ನೂ ಯಾರೂ ಎದುರುಬದುರು ನಿಲ್ಲಿಸಲಿಲ್ಲ.

ಎರಡು ದಾರಿಗಳು

ಮೊದಲನೆಯದು, ಆಳವನ್ನು ಎಣಿಸುವುದು. ಮೂಲ ವರ್ಗಕ್ಕೆ 0, ಅದರ ಉಪವರ್ಗಕ್ಕೆ 1, ಅದರ ಕೆಳಗಿನದಕ್ಕೆ 2. ಹೆಚ್ಚು ಆಳದವು ಮೊದಲು ಬರುವಂತೆ ಜೋಡಿಸಿದರಾಯಿತು. ಒಂದು ವರ್ಗಕ್ಕೆ ಎರಡು ಮೇಲ್ವರ್ಗಗಳಿದ್ದರೆ ಅತಿ ಉದ್ದದ ದಾರಿಯನ್ನೇ ಆಳವೆಂದು ಹಿಡಿಯಬೇಕು.

ಎರಡನೆಯದು, ಆರ್ಥರ್ ಕಾನ್ 1962ರಲ್ಲಿ ಪ್ರಕಟಿಸಿದ ವಿಧಾನ. ಇದಕ್ಕೆ ಟೋಪೊಲಾಜಿಕಲ್ ಸಾರ್ಟಿಂಗ್ ಎನ್ನುತ್ತಾರೆ. ನಮ್ಮ ಕೆಲಸಕ್ಕೆ ಅದನ್ನು ಹೀಗೆ ಬಳಸಬಹುದು: ಕೆಳಗೆ ಯಾವ ಉಪವರ್ಗವೂ ಉಳಿಯದ ಒಂದು ವರ್ಗವನ್ನು ತೆಗೆದು ಸಾಲಿಗೆ ಸೇರಿಸಿ, ಉಳಿದವುಗಳಲ್ಲಿ ಮತ್ತೆ ಹಾಗೆಯೇ ಮಾಡಿ. ನಮ್ಮ ನಾಲ್ಕು ವರ್ಗಗಳಿಗೆ ಹೀಗೆ ಮೂರು ಸರಿಯಾದ ಸಾಲುಗಳು ಸಿಗುತ್ತವೆ; ಮೂರರಲ್ಲಿಯೂ ‘ಬೆಳೆ’ ಕಡೆಯದು.

ಒಂದು ಮಾತು ನೆನಪಿರಲಿ. ‘ನೀರಾವರಿ ಬೆಳೆ’, ‘ಬಹುವಾರ್ಷಿಕ ಬೆಳೆ’ ಎಂದು ಎರಡು ಬೇರೆ ಬೇರೆ ವರ್ಗಗಳನ್ನೇ ಮಾಡಿ, ತೋಟ ಎರಡಕ್ಕೂ ಸೇರುವಂತಿದ್ದರೆ, ಯಾವ ದರ ಸಲ್ಲಬೇಕೆಂದು ವಿಂಗಡಣೆ ಹೇಳಲಾರದು. ಅದನ್ನು ನಿಯಮ ಓದಿದ ಮನುಷ್ಯನೇ ತೀರ್ಮಾನಿಸಿ, ತೋಟಕ್ಕೆ ಪ್ರತ್ಯೇಕ ಉಪವರ್ಗ ಮಾಡಿ ಅಲ್ಲಿ ದರ ಬರೆಯಬೇಕು.

ಇದನ್ನು ಪರೀಕ್ಷಿಸಲು ಕಂಪ್ಯೂಟರ್ ಬೇಕೆಂದಿಲ್ಲ. ನಾಲ್ಕು ಚೀಟಿಗಳ ಮೇಲೆ ವರ್ಗಗಳ ಹೆಸರು ಬರೆದು ಜೋಡಿಸಿ ನೋಡಿ. ಪ್ರತಿ ಚೀಟಿಯೂ ತನ್ನ ಮೇಲ್ವರ್ಗಕ್ಕಿಂತ ಮುಂಚೆ ಬಂದಿದ್ದರೆ ನಿಮ್ಮ ಸಾಲು ಸರಿ.