ಇಂಗ್ಲಿಷ್ ಪದ ತಲೆಯಲ್ಲಿ ನಿಲ್ಲಬೇಕಾದರೆ

ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೇ ಓದಿ, ರಾಯಚೂರಿಗೆ ಬಂದು ಪಿಯುಸಿ ವಿಜ್ಞಾನಕ್ಕೆ ಸೇರುವ ಮಕ್ಕಳನ್ನು ಮೊದಲು ಕಂಗೆಡಿಸುವುದು ಇಂಗ್ಲಿಷ್ ಪದಗಳು. ದ್ಯುತಿಸಂಶ್ಲೇಷಣೆಯನ್ನು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಬಲ್ಲ ಹುಡುಗಿ 'ಫೋಟೋಸಿಂಥೆಸಿಸ್' ಎಂದೊಡನೆ ತಬ್ಬಿಬ್ಬಾಗುತ್ತಾಳೆ. ನೋಟ್‌ಬುಕ್ಕಿನಲ್ಲಿ ಪದಗಳ ಪಟ್ಟಿ ಬರೆದುಕೊಂಡು ನಿದ್ದೆಗೆಟ್ಟು ಬಾಯಿಪಾಠ ಮಾಡುತ್ತಾಳೆ. ವಾರ ಕಳೆಯುವಷ್ಟರಲ್ಲಿ ಮುಕ್ಕಾಲು ಪಾಲು ಮರೆತಿರುತ್ತದೆ. ತನ್ನ ತಲೆಯೇ ಸರಿಯಿಲ್ಲವೆಂದು ಅವಳು ಕೊರಗುತ್ತಾಳೆ. ಹಾಗೆ ಕೊರಗಬೇಕಿಲ್ಲ, ಬದಲಾಗಬೇಕಾದ್ದು ಓದುವ ಕ್ರಮ.

ಮರೆವನ್ನು ಮೊದಲು ಲೆಕ್ಕ ಹಾಕಿ ಅಳೆದವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್. ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ತಾವೇ ಕಂಠಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಉಳಿಯಿತೆಂದು ನೋಡಿ 1885ರಲ್ಲಿ ಪುಸ್ತಕ ಪ್ರಕಟಿಸಿದರು. ಕಲಿತದ್ದರ ದೊಡ್ಡ ಪಾಲು ಮೊದಲ ದಿನವೇ ಜಾರಿಹೋಗುತ್ತದೆ. ಆಮೇಲೆ ಮರೆವಿನ ವೇಗ ತಗ್ಗುತ್ತದೆ. ಒಂದೇ ಸಲ ಕೂತು ಉರು ಹೊಡೆಯುವುದಕ್ಕಿಂತ ದಿನಗಳ ಅಂತರ ಕೊಟ್ಟು ಓದಿದ್ದು ಹೆಚ್ಚು ಕಾಲ ಉಳಿಯುತ್ತದೆ ಎಂಬುದನ್ನೂ ಅವರೇ ಕಂಡುಕೊಂಡರು.

ನನಗೆ ಇದಕ್ಕಿಂತ ಮುಖ್ಯವೆನಿಸುವುದು 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಪ್ರಯೋಗ. ಜೆಫ್ರಿ ಕಾರ್ಪಿಕೆ ಮತ್ತು ಹೆನ್ರಿ ರೋಡಿಗರ್ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಪದಗಳನ್ನು ಅರ್ಥಸಹಿತ ಕಲಿಸಿದರು. ಒಮ್ಮೆ ಸರಿಯಾಗಿ ಹೇಳಿದ ಪದವನ್ನು ಕೆಲವರು ಮತ್ತೆ ಮತ್ತೆ ಓದಿದರು, ಆದರೆ ಆ ಪದದ ಪರೀಕ್ಷೆ ಮತ್ತೆ ನಡೆಯಲಿಲ್ಲ. ಇನ್ನು ಕೆಲವರು ಅಂಥ ಪದದ ಅರ್ಥವನ್ನು ನೋಡದೆ ಪದೇ ಪದೇ ನೆನಪಿಸಿಕೊಂಡರು. ವಾರದ ನಂತರ ಬರೀ ಓದಿದವರಿಗೆ ಸುಮಾರು ಮೂರನೇ ಒಂದು ಭಾಗ ನೆನಪಿತ್ತು. ನೆನಪಿಸಿಕೊಂಡವರಿಗೆ ಸುಮಾರು ಶೇ 80. ಅಚ್ಚರಿಯೆಂದರೆ, ಇಷ್ಟು ವ್ಯತ್ಯಾಸವಾಗುತ್ತದೆಂದು ವಿದ್ಯಾರ್ಥಿಗಳೇ ಊಹಿಸಿರಲಿಲ್ಲ. ಓದುವಾಗ ಪದ ಕಣ್ಣೆದುರೇ ಇರುವುದರಿಂದ 'ಬಂತು' ಎಂಬ ಭ್ರಮೆ ಹುಟ್ಟುತ್ತದೆ. ಮುಚ್ಚಿಟ್ಟು ತಡಕಾಡಿದಾಗಲೇ ಮಿದುಳಿನಲ್ಲಿ ಆ ಪದದ ಜಾಡು ಗಟ್ಟಿಯಾಗುವುದು. ಆ ಜಾಡು ನೆಲೆಯೂರಲು ನಿದ್ದೆಯೂ ಬೇಕು. ಪರೀಕ್ಷೆಯ ಹಿಂದಿನ ರಾತ್ರಿಯ ಜಾಗರಣೆ ಹೀಗಾಗಿ ಎರಡು ಬಗೆಯ ನಷ್ಟ.

ಮಾನ್ವಿಯ ಜಗನ್ನಾಥದಾಸರ 'ಹರಿಕಥಾಮೃತಸಾರ'ವನ್ನು ಪುಸ್ತಕ ಹಿಡಿಯದೆ ಹೇಳುವ ಹಿರಿಯರನ್ನು ನೋಡಿ. ಭಾಮಿನಿ ಷಟ್ಪದಿಯ ಲಯ ಅವರಿಗೆ ಆಸರೆ ನಿಜ, ಆದರೆ ವರ್ಷಗಟ್ಟಲೆ ಅದನ್ನು ಉಳಿಸಿದ್ದು ನಿತ್ಯದ ನೆನೆಯುವಿಕೆ.

ನುಡಿಗಟ್ಟುಗಳ ಕಥೆ ಸ್ವಲ್ಪ ಬೇರೆ. 'ಗಿವ್' ಗೊತ್ತು, 'ಅಪ್' ಗೊತ್ತು. 'ಗಿವ್ ಅಪ್' ಎಂದರೆ ಕೈಬಿಡುವುದು ಎಂದು ಅವೆರಡರಿಂದ ಊಹಿಸಲಾಗದು. 'ತಪ್ಪನ್ನು ಹೊಟ್ಟೆಗೆ ಹಾಕಿಕೋ' ಎಂಬುದನ್ನು ನಾವೂ ಬಿಡಿಸಿ ಕಲಿತಿಲ್ಲ, ಸಂದರ್ಭದೊಂದಿಗೇ ಕೇಳಿ ಕಲಿತೆವು. ಪರಿಚಿತ ನುಡಿಗಟ್ಟನ್ನು ಮಿದುಳು ಇಡಿಯಾಗಿ ಬೇಗ ಗುರುತಿಸುತ್ತದೆಂದು ಸಂಶೋಧಕರಾದ ಸ್ವಿನ್ನಿ ಮತ್ತು ಕಟ್ಲರ್ 1979ರಲ್ಲಿ ತೋರಿಸಿದರು. ಆದ್ದರಿಂದ ನುಡಿಗಟ್ಟನ್ನು ಪೂರ್ತಿ ವಾಕ್ಯದಲ್ಲೇ ಬರೆದುಕೊಳ್ಳಬೇಕು. ರಾಯಚೂರಿನ ಬಜಾರಿನಲ್ಲಿ ಕನ್ನಡ, ತೆಲುಗು, ಉರ್ದು ಮೂರರಲ್ಲೂ ವ್ಯಾಪಾರ ಮಾಡುವವರು ಆ ಭಾಷೆಗಳನ್ನು ದಕ್ಕಿಸಿಕೊಂಡದ್ದು ಹೀಗೆ ಮಾತಿನ ನಡುವೆಯೇ. ಈ ನೆಲದ ಮಕ್ಕಳಿಗೆ ನಾಲ್ಕನೆಯ ಭಾಷೆ ಭಾರವಾಗಬೇಕಿಲ್ಲ.

ವಿದ್ಯಾರ್ಥಿಗಳು ಮಾಡಬೇಕಾದ್ದು ಇಷ್ಟು: ಹಾಳೆಯನ್ನು ಉದ್ದಕ್ಕೆ ಮಡಚಿ ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಕನ್ನಡ ಬರೆಯಿರಿ. ಒಂದನ್ನು ಮುಚ್ಚಿ ಇನ್ನೊಂದನ್ನು ಬಾಯಿಬಿಟ್ಟು ಹೇಳಿ. ಮರುದಿನ, ಮೂರು ದಿನಕ್ಕೆ, ವಾರಕ್ಕೆ, ತಿಂಗಳಿಗೆ ಮತ್ತೆ ಹೇಳಿ. ತಪ್ಪಿದ ಪದ ಮೊದಲಿನಿಂದ ಶುರುವಾಗಲಿ. ಶಿಕ್ಷಕರಲ್ಲೂ ಒಂದು ವಿನಂತಿ: ಪ್ರತಿ ಸೋಮವಾರ ಐದು ನಿಮಿಷ, ಅಂಕದ ಹೆದರಿಕೆಯಿಲ್ಲದೆ, ಕಳೆದ ವಾರದ ಪದಗಳನ್ನು ಮಕ್ಕಳಿಂದ ಕೇಳಿ.