ಫೇಲಾದವರು ಯಾರು? ಸಾಲಿ ಪರೀಕ್ಷೆಯ ಸುತ್ತ ನಂಬಿಕೆ ಮತ್ತು ನಿಜ

"ಓದಲಿ ಬಿಡಲಿ, ಎಂಟನೇ ಕ್ಲಾಸ್ ತನಕ ಪಾಸ್ ಮಾಡೇ ಬಿಡ್ತಾರ. ಆರ್‌ಟಿಇ ಬಂದು ಪರೀಕ್ಷೇನೇ ತೆಗದುಬಿಟ್ರು."

ರಾಯಚೂರು ಜಿಲ್ಲೆಯ ಗಬ್ಬೂರು, ದೇವದುರ್ಗ, ಮಾನ್ವಿ ಕಡೆ ಸರ್ಕಾರಿ ಸಾಲಿಯ ವಿಷಯ ಬಂದರೆ ಈ ಮಾತು ಬಂದೇ ಬರುತ್ತದೆ. ಪಾಲಕರು ಹೇಳುತ್ತಾರೆ, ಕೆಲವೊಮ್ಮೆ ಮಾಸ್ತರರೂ ಹೇಳುತ್ತಾರೆ. ಮಾತಿನ ಮೊದಲರ್ಧ 2019ರವರೆಗೆ ಕಾನೂನೇ ಆಗಿತ್ತು. ಎರಡನೆಯರ್ಧ ಎಂದೂ ನಿಜವಾಗಿರಲಿಲ್ಲ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) 16ನೇ ಕಲಂ, ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಹಿಂದಿನ ತರಗತಿಯಲ್ಲೇ ಉಳಿಸಬಾರದು, ಶಾಲೆಯಿಂದ ಹೊರಗೂ ಹಾಕಬಾರದು ಎಂದಿತು. ಬೋರ್ಡ್ ಪರೀಕ್ಷೆ ಪಾಸಾಗಲೇಬೇಕೆಂಬ ಷರತ್ತನ್ನು 30ನೇ ಕಲಂ ತೆಗೆಯಿತು. ಪರೀಕ್ಷೆಯೇ ಬೇಡ ಎಂದು ಎಲ್ಲೂ ಬರೆದಿಲ್ಲ. ವರ್ಷವಿಡೀ ಮೌಲ್ಯಮಾಪನ ಮಾಡಿ ಎಂದು ಕಾಯ್ದೆಯೇ ಕೇಳಿತು. ಎಫ್‌ಎ, ಎಸ್‌ಎ (ರೂಪಣಾತ್ಮಕ, ಸಂಕಲನಾತ್ಮಕ ಮೌಲ್ಯಮಾಪನ) ಎಂದು ಮಾಸ್ತರರು ತುಂಬುವ ವಹಿಗಳು ಅಲ್ಲಿಂದಲೇ ಹುಟ್ಟಿದ್ದು. ಯಾರೂ ಎತ್ತಿ ಹೇಳದ ಇನ್ನೊಂದು ಸಾಲು 24ನೇ ಕಲಮಿನಲ್ಲಿದೆ: ಪ್ರತಿ ಮಗು ಎಷ್ಟು ಕಲಿತಿದೆ ಎಂದು ನೋಡಿ, ಹಿಂದೆ ಬಿದ್ದವರಿಗೆ ಹೆಚ್ಚುವರಿ ಪಾಠ ಹೇಳುವುದು ಶಿಕ್ಷಕರ ಕರ್ತವ್ಯ. ಅಂದರೆ ಕಾನೂನು ಲೆಕ್ಕ ಕೇಳಿದ್ದು ಸಾಲಿಯನ್ನು. ನಾವು ಮಾತ್ರ ಅದನ್ನು ಮಗುವಿಗೆ ಕೊಟ್ಟ ರಿಯಾಯಿತಿ ಎಂದು ಓದಿಕೊಂಡೆವು.

2019ರ ತಿದ್ದುಪಡಿಯ ಮೇಲೆ ಗೊಂದಲ ಇನ್ನೂ ಹೆಚ್ಚಿತು. 5 ಮತ್ತು 8ನೇ ತರಗತಿಗೆ ವರ್ಷದ ಕೊನೆಗೆ ಪರೀಕ್ಷೆ, ನಪಾಸಾದರೆ ಹೆಚ್ಚುವರಿ ಬೋಧನೆ, ಎರಡು ತಿಂಗಳೊಳಗೆ ಮರುಪರೀಕ್ಷೆ. ಆಗಲೂ ನಪಾಸಾದರೆ ಅದೇ ತರಗತಿಯಲ್ಲಿ ಉಳಿಸಬೇಕೋ ಬೇಡವೋ ಎಂಬುದು ರಾಜ್ಯಕ್ಕೆ ಬಿಟ್ಟದ್ದು. 2024ರ ಡಿಸೆಂಬರಿನಲ್ಲಿ "ಇನ್ನು ಫೇಲ್ ಮಾಡ್ತಾರಂತ" ಎಂದು ಹರಡಿದ ಸುದ್ದಿ ಕೇಂದ್ರೀಯ ವಿದ್ಯಾಲಯ, ನವೋದಯದಂಥ ಕೇಂದ್ರದ ಶಾಲೆಗಳದ್ದು. ಊರ ಸಾಲಿಗೆ ಅದು ತಾನಾಗಿಯೇ ಅನ್ವಯಿಸುವುದಿಲ್ಲ.

ಕರ್ನಾಟಕದಲ್ಲಿ ಐದನೆಯ ಕ್ಲಾಸಿನ ಮಕ್ಕಳ ಪರೀಕ್ಷೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2023ರ ಮಾರ್ಚಿನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಬೋರ್ಡ್ ಮಟ್ಟದ ಪರೀಕ್ಷೆಯ ಸುತ್ತೋಲೆ ರದ್ದು ಮಾಡಿತು. ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟು, ಯಾವ ಮಗುವನ್ನೂ ತಡೆಹಿಡಿಯಬಾರದೆಂಬ ಷರತ್ತಿನ ಮೇಲೆ ಪರೀಕ್ಷೆಗೆ ಒಪ್ಪಿತು. ಮರುವರ್ಷ ಅದೇ ಕಥೆ, ಇನ್ನಷ್ಟು ಕೆಟ್ಟದಾಗಿ: ಮಾರ್ಚ್ 11ಕ್ಕೆ ಶುರುವಾದ ಪರೀಕ್ಷೆ ಸುಪ್ರೀಂ ಕೋರ್ಟ್ ಆದೇಶದಿಂದ ನಡುವೆ ನಿಂತಿತು, 25ಕ್ಕೆ ಮತ್ತೆ ಶುರುವಾಯಿತು, ಏಪ್ರಿಲ್ 8ರಂದು ಫಲಿತಾಂಶ ಪ್ರಕಟಿಸಬೇಡಿ ಎಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಹತ್ತು ವರ್ಷದ ಹುಡುಗಿ ಅರ್ಧ ಪೇಪರ್ ಬರೆದು ಮನೆಯಲ್ಲಿ ಕೂತಳು. ಸರ್ಕಾರವೇನೋ ಇದು ಬೋರ್ಡ್ ಪರೀಕ್ಷೆಯಲ್ಲ, ಮೌಲ್ಯಾಂಕನ ಎನ್ನುತ್ತಿತ್ತು. ಪ್ರಶ್ನೆಪತ್ರಿಕೆ ಬೆಂಗಳೂರಿನಿಂದ ಬಂದಾಗ ಆ ಹುಡುಗಿಗೆ ಅದೆಲ್ಲ ಗೊತ್ತಾಗುವುದು ಹೇಗೆ?

ಇನ್ನು ಕೇಂದ್ರದ ಸಮೀಕ್ಷೆಗಳು, ಜನರ ಬಾಯಲ್ಲಿ "ದಿಲ್ಲಿ ಪರೀಕ್ಷೆ". ರಾಷ್ಟ್ರೀಯ ಸಾಧನಾ ಸಮೀಕ್ಷೆ 2021ರ ನವೆಂಬರ್ 12ರಂದು ನಡೆಯಿತು. ಅದರ ಮುಂದಿನದು, ಪರಖ್ ಸಮೀಕ್ಷೆ, 2024ರ ಡಿಸೆಂಬರ್ 4ರಂದು 3, 6 ಮತ್ತು 9ನೇ ತರಗತಿಗೆ. ಇದರಲ್ಲಿ ಕಡಿಮೆ ಬಂದರೆ ಮಗುವಿನ ಟಿಸಿಯಲ್ಲಿ ಬರೆಯುತ್ತಾರೆ, ಮಾಸ್ತರರ ಪಗಾರ ಕಡಿತ ಎಂಬ ಹೆದರಿಕೆ ಇದೆ. ಹಾಗೇನೂ ಇಲ್ಲ. ಅನ್ನ ಬೆಂದಿದೆಯೋ ನೋಡಲು ಒಂದು ಅಗುಳು ಹಿಚುಕುವ ಲೆಕ್ಕ ಇದು: ಆಯ್ದ ಶಾಲೆ, ಆಯ್ದ ಮಕ್ಕಳು. ವರದಿ ಬರುವುದು ಜಿಲ್ಲೆಯ ಹೆಸರಿನಲ್ಲಿ. ಮಗುವಿನ ಹೆಸರಿಗೆ ಅಂಕಪಟ್ಟಿ ಇಲ್ಲ, ಪಾಸು ಫೇಲೂ ಇಲ್ಲ. ರಾಯಚೂರಿಗೆ ಮಾತ್ರ ಈ ಅಂಕಿ ಸ್ವಲ್ಪ ಹೆಚ್ಚು ಮುಖ್ಯ, ಏಕೆಂದರೆ 2018ರಿಂದ ಯಾದಗಿರಿಯ ಜೊತೆ ಇದು ನೀತಿ ಆಯೋಗ ರ‍್ಯಾಂಕ್ ಕೊಡುವ ಮಹತ್ವಾಕಾಂಕ್ಷಿ ಜಿಲ್ಲೆ. ಆ ರ‍್ಯಾಂಕಿಂಗಿನಲ್ಲಿ ಶಿಕ್ಷಣಕ್ಕೆ ನೂರರಲ್ಲಿ 30ರ ತೂಕ.

ಆದರೆ ತಾರೀಖುಗಳನ್ನು ಇನ್ನೊಮ್ಮೆ ನೋಡಿ. ನವೆಂಬರ್ 12, ಡಿಸೆಂಬರ್ 4. ಎರಡೂ ಹತ್ತಿ ಬಿಡಿಸುವ ದಿನಗಳು. ಬೆಳಕು ಹರಿಯುವ ಹೊತ್ತಿಗೆ ಓಣಿಯ ತುದಿಗೆ ಟಂಟಂ ಬಂದು ನಿಲ್ಲುತ್ತದೆ, ಹೆಂಗಸರ ಜೊತೆ ಬುತ್ತಿ ಹಿಡಿದು ಹುಡುಗಿಯರೂ ಹತ್ತುತ್ತಾರೆ. ಕೂಲಿ ಕಿಲೋ ಲೆಕ್ಕದಲ್ಲಾದರೆ ಪುಟ್ಟ ಕೈಯೂ ಸಂಪಾದನೆಯೇ. ಹಾಜರಿ ವಹಿಯಲ್ಲಿ ಅವರ ಸಾಲು ಹಬ್ಬ ಮುಗಿದಲ್ಲಿಂದ ಖಾಲಿ. ಸಮೀಕ್ಷೆ ಅಳೆಯುವುದು ಆ ದಿನ ಬೆಂಚಿನ ಮೇಲಿದ್ದವರನ್ನು. ಹೊಲದಲ್ಲಿದ್ದವಳು ಪಾಸೂ ಅಲ್ಲ, ಫೇಲೂ ಅಲ್ಲ, ಲೆಕ್ಕದಲ್ಲೇ ಇಲ್ಲ. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ಅಸರ್ ಸಮೀಕ್ಷೆಯವರು ಶಾಲೆಯ ಬದಲು ಮನೆಗೆ ಹೋಗಿ ಓದಿಸಿ ನೋಡುವುದು ಇದಕ್ಕೇ. ಎರಡರ ಅಂಕಿ ತಾಳೆಯಾಗದಿದ್ದರೆ "ಒಂದು ಸುಳ್ಳು" ಎಂದು ತೀರ್ಮಾನಿಸುವ ಮುನ್ನ, ಯಾರನ್ನು ಎಲ್ಲಿ ಕೂರಿಸಿ ಕೇಳಿದರು ಎಂದು ನೋಡಬೇಕು.

ಎಸ್‌ಎಸ್‌ಎಲ್‌ಸಿ ಬೇರೆಯೇ ಜಾತಿಯ ಪರೀಕ್ಷೆ. ಇಲ್ಲಿ ಪಾಸು ಫೇಲು ನಿಜವಾದದ್ದು. "ರಿಸಲ್ಟ್ ಬಿತ್ತು, ಅಂದ್ರ ಈ ವರ್ಷ ಪಾಠಾನೇ ಮಾಡಿಲ್ಲ" ಎನ್ನುವವರು 2024ನ್ನು ನೆನೆಯಲಿ. ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಒಂದೇ ವರ್ಷದಲ್ಲಿ ಇಡೀ ರಾಜ್ಯದ ಮಾಸ್ತರರು ಪಾಠ ಮರೆಯಲಿಲ್ಲ. ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಹಾಗಾದರೆ ಸುಳ್ಳಾಗಿದ್ದು 2024ರ ಅಂಕಿಯೋ, ಅದರ ಹಿಂದಿನವೋ? ಉತ್ತರ ಎಲ್ಲರಿಗೂ ಗೊತ್ತಿದೆ, ಆದರೂ ನೋಟಿಸ್ ಮಾತ್ರ ಈಗಿನ ಮುಖ್ಯೋಪಾಧ್ಯಾಯರಿಗೆ. ಮೂರನೇ ಕ್ಲಾಸಿನಿಂದ ಪ್ರತಿ ವರ್ಷ ಹತ್ತಿ ಹೊಲದಲ್ಲಿ ಕಳೆದ ದಿನಗಳನ್ನು ಹತ್ತನೆಯ ಕ್ಲಾಸಿನ ರಾತ್ರಿ ಪಾಠದಲ್ಲಿ ತುಂಬಿಸಿ ಎಂದರೆ ಯಾರಿಂದಾದೀತು?

ಕೊನೆಯದಾಗಿ, "ರಿಸಲ್ಟ್ ಕಡಿಮೆ ಆದ್ರ ಸೆಂಟ್ರಲ್‌ನವರು ಸಾಲಿ ಮುಚ್ತಾರ" ಎಂಬ ಗುಲ್ಲು. ಅಂಥ ಕಾನೂನು ಅಮೆರಿಕದಲ್ಲಿತ್ತು. 2002ರ ಜನವರಿಯಲ್ಲಿ ಅಧ್ಯಕ್ಷ ಬುಷ್ ಸಹಿ ಮಾಡಿದ ಕಾಯ್ದೆ 3ರಿಂದ 8ನೇ ತರಗತಿವರೆಗೆ ಪ್ರತಿ ವರ್ಷ ಪರೀಕ್ಷೆ ಇಡಿ, 2014ರೊಳಗೆ ನೂರಕ್ಕೆ ನೂರು ಮಕ್ಕಳು ತೇರಬೇಕು ಎಂದಿತು. ವರ್ಷ ವರ್ಷವೂ ಗುರಿ ತಪ್ಪಿದ ಶಾಲೆಯ ಆಡಳಿತ ಬದಲಿಸಲೂ ಅವಕಾಶವಿತ್ತು. ಅಟ್ಲಾಂಟಾ ನಗರದಲ್ಲಿ ಶಿಕ್ಷಕರೇ ಮಕ್ಕಳ ಉತ್ತರ ಅಳಿಸಿ ತಿದ್ದಿ ಸಿಕ್ಕಿಬಿದ್ದರು. 2015ರಲ್ಲಿ 11 ಮಂದಿ ತಪ್ಪಿತಸ್ಥರೆಂದು ತೀರ್ಪಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಒಬಾಮಾ ಸರ್ಕಾರ ಪರೀಕ್ಷೆ ಉಳಿಸಿಕೊಂಡು, ಶಿಕ್ಷೆಯ ಅಧಿಕಾರದ ಬಹುಪಾಲನ್ನು ರಾಜ್ಯಗಳಿಗೆ ಬಿಟ್ಟಿತು.

ನಮ್ಮ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಫಲಿತಾಂಶಕ್ಕೆ ಶಾಲೆ ಮುಚ್ಚುವ ಕಲಂ ಇಲ್ಲ. ಇರುವುದು ಬೇರೆ ಲೆಕ್ಕ: ಐದನೆಯವರೆಗೆ 30 ಮಕ್ಕಳಿಗೊಬ್ಬ ಶಿಕ್ಷಕ, ವರ್ಷಕ್ಕೆ 200 ದಿನ ಪಾಠ, 6ರಿಂದ 8ಕ್ಕೆ 220 ದಿನ, ವಿಜ್ಞಾನ-ಗಣಿತಕ್ಕೊಬ್ಬರು, ಸಮಾಜಕ್ಕೊಬ್ಬರು, ಭಾಷೆಗೊಬ್ಬರು. ಇದರಲ್ಲಿ ನಪಾಸಾಗುವುದು ಸರ್ಕಾರ. ಪ್ರಶ್ನೆ ಕೇಳುವ ಅಧಿಕಾರ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಂದರೆ ಎಸ್‌ಡಿಎಂಸಿಗಿದೆ. ಅದರ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಇರಬೇಕು. ಅವರು ಸಿದ್ಧಪಡಿಸುವ ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಇನ್ನೂ ಎಷ್ಟು ಶಿಕ್ಷಕರು ಬೇಕು ಎಂಬ ಅಂಕಿ ಇರಬೇಕು. ಮುಂದಿನ ಸಭೆಯಲ್ಲಿ ಆ ಹಾಳೆಯನ್ನು ಕೇಳಿ ಪಡೆಯಬಹುದು.